ಕುಡಿಯುವ ನೀರಿನ ಕೆರೆಗೆ ಹೂಳು ಬಾರದಂತೆ ಗುಡ್ಡದ ಕಾಡಿನಲ್ಲಿ ಮಾಡಬೇಕಾದ ಕೆಲಸ

ಚಿಕ್ಕಬಳ್ಳಾಪುರಕ್ಕೂ ದೊಡ್ಡಬಳ್ಳಾಪುರಕ್ಕೂ ಕುಡಿಯುವ ನೀರು ಕೊಡುವ ಜಕ್ಕಲಮಡಗು ಜಲಾಶಯ ತುಂಬುವುದು ಸುತ್ತಲ ಗುಡ್ಡಗಳ ಮಳೆಯಿಂದ. ಇಂಥ ಕಡೆ ಸರ್ಕಾರಿ ಕಾಡಿನ ಕೆಲಸಕ್ಕೆ ಎಷ್ಟು ಸಸಿ ನೆಟ್ಟೆವೆಂಬುದು ಲೆಕ್ಕವೇ ಅಲ್ಲ. ಗುಡ್ಡದ ಮಣ್ಣು ಗುಡ್ಡದಲ್ಲೇ ನಿಂತಿತೇ ಎಂದು ನೋಡಬೇಕು. ಗ್ರಾಮ ಅರಣ್ಯ ಸಮಿತಿಯಲ್ಲಿ ತೀರ್ಮಾನ ಮಾಡಿ, ವಲಯ ಅರಣ್ಯಾಧಿಕಾರಿಯ ಒಪ್ಪಿಗೆ ಪಡೆದೇ ಗುದ್ದಲಿ ಹಿಡಿಯಿರಿ.

ಜೋರು ಮಳೆ ಬಂದ ದಿನ ಕೆರೆಯಂಗಳದಿಂದ ಮೇಲಕ್ಕೆ ನಡೆದು, ಯಾವ ಹಳ್ಳದಲ್ಲಿ ಕೆನ್ನೀರು ಹರಿಯುತ್ತಿದೆ ಎಂದು ಗುರುತು ಮಾಡಿಕೊಳ್ಳಿ. ಜಾಡು ಹಿಡಿದು ಹೋದರೆ ಎಷ್ಟೋ ಸಲ ಸಿಗುವುದು ಟ್ರ್ಯಾಕ್ಟರ್ ದಾರಿ, ಇಲ್ಲವೇ ದನದ ಜಾಡು. ದಾರಿಗೆ ಅಡ್ಡಲಾಗಿ, ತುಸು ಓರೆಯಾಗಿ, ಒಂದಡಿ ಎತ್ತರದ ಮಣ್ಣಿನ ದಿಬ್ಬ ಹಾಕಿ ನೀರನ್ನು ಪಕ್ಕದ ಹುಲ್ಲಿಗೆ ತಿರುಗಿಸಿ.

ಕೊರಕಲುಗಳಿಗೆ ಕಲ್ಲಿನ ತಡೆ ಬೇಕು. ಕೊರಕಲಿನ ಮೇಲ್ತುದಿಯಿಂದ ಶುರುಮಾಡಿ ಕೆಳಕ್ಕೆ ಬನ್ನಿ. ಎತ್ತರ ಮೂರಡಿ ಮೀರದಿರಲಿ, ಎರಡೂ ತುದಿ ದಡದೊಳಗೆ ಒಂದೂವರೆ ಅಡಿ ಹೂತಿರಲಿ. ನಡುಭಾಗ ಅಂಚಿಗಿಂತ ಅರ್ಧ ಅಡಿಯಾದರೂ ತಗ್ಗಿರಬೇಕು. ಇಲ್ಲದಿದ್ದರೆ ನೀರು ಪಕ್ಕದ ದಡ ಕೊರೆದು, ತಡೆ ಮಾತ್ರ ಒಂಟಿಯಾಗಿ ಉಳಿಯುತ್ತದೆ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ನೀರು ಧುಮುಕುವ ಜಾಗಕ್ಕೆ ಚಪ್ಪಟೆ ಕಲ್ಲು ಹಾಸಿ.

ಬೋಳು ಇಳಿಜಾರಿಗೆ ಒಂದೂವರೆ ಅಡಿ ಅಗಲ, ಅಷ್ಟೇ ಆಳ, ಹತ್ತಡಿ ಉದ್ದದ ಟ್ರೆಂಚು ಸಾಕು. ಇಳಿಜಾರಿಗೆ ಅಡ್ಡವಾಗಿ ಸಾಲು ಬಿಟ್ಟು ಸಾಲು ತೋಡಿ, ಮಣ್ಣನ್ನು ಕೆಳಬದಿಗೆ ಹಾಕಿ. ಹುಲ್ಲು ಕಚ್ಚಿಕೊಂಡಿರುವ ಕಡೆ ಟ್ರೆಂಚು ಬೇಡವೇ ಬೇಡ. ಕೆಲಸದ ಹಣದ ಬಿಲ್ ಪಾಸಾದರೂ ಅದು ವ್ಯರ್ಥ ಅಗೆತ.

ನೀಲಗಿರಿ ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ, ಹಳೆಯ ತೋಪುಗಳು ಉಳಿದಿವೆ. ಇಳಿಜಾರಿನಲ್ಲಿ ಜೆಸಿಬಿಯಿಂದ ಬೇರು ಕಿತ್ತರೆ ಸಡಿಲವಾದ ಮಣ್ಣು ನೇರ ಕೆರೆಗೇ. ಗುಡ್ಡಕ್ಕೆ ಅಡ್ಡಲಾಗಿ ಒಂದು ಪಟ್ಟಿ ಕಡಿದು, ಮುಂದಿನದನ್ನು ಬಿಡಿ. ಬುಡ ಮತ್ತೆ ಚಿಗುರುತ್ತದೆ, ಚಿಗುರನ್ನು ಎರಡು ಮೂರು ತಿಂಗಳಿಗೊಮ್ಮೆ ಮುರಿಯುತ್ತಲೇ ಇರಬೇಕು. ತೆರವಾದಲ್ಲಿ ಹೊಂಗೆ, ಕಮರ, ತುಗ್ಗಲಿ ನೆಡಿ. ಲಂಟಾನವನ್ನು ಹಣ್ಣಾಗುವ ಮೊದಲು, ನೆಲದಿಂದ ಎರಡು ಬೆರಳು ಕೆಳಗೆ ಬೇರು ಕಡಿದು ತಲೆಕೆಳಗಾಗಿ ಇಡಿ.

ಬೆಂಕಿ ಬಿದ್ದ ಗುಡ್ಡದ ಬೂದಿ ಭರಣಿ ಮಳೆಗೇ ಕೆರೆ ಸೇರುತ್ತದೆ. ಶಿವರಾತ್ರಿಗೆ ಮುಂಚೆ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದಂತೆ ಬೋಳಾಗಿಡುವ ಪಟ್ಟಿ, ಸವರಿಸಿ. ದನ ಬಿಡುವ ಬದಲು, ಬೀಜ ಉದುರಿದ ಮೇಲೆ ಕುಡುಗೋಲಿನಿಂದ ಹುಲ್ಲು ಕೊಯ್ದುಕೊಂಡು ಹೋಗಲು ಊರವರಿಗೆ ಬಿಡಿ, ಉರಿಯುವ ಸರಕೂ ಕಡಿಮೆಯಾಗುತ್ತದೆ. ತಡೆಗಳ ಹಿಂದೆ ತುಂಬಿದ ಹೂಳನ್ನು ಮಾತ್ರ ಹೊಲಕ್ಕೆ ಸಾಗಿಸಲು ಬಿಡಬೇಡಿ. ತೇವ ನಿಲ್ಲುವ ಆ ಮಣ್ಣಿನಲ್ಲೇ ಮುಂದಿನ ವರ್ಷದ ಹೊಂಗೆ ಬೀಜ ಊರಿ.