ಬೈಬಲ್ ವ್ಯಾಖ್ಯಾನಗಳನ್ನು ವಿಂಗಡಿಸಿ ಜೋಡಿಸುವುದು ಹೇಗೆ?

ಮೈಸೂರು, ಮಂಡ್ಯದ ಕ್ರೈಸ್ತ ಸಭೆಗಳಲ್ಲಿ ವ್ಯಾಖ್ಯಾನ ಗ್ರಂಥಗಳನ್ನು ಗಾತ್ರ ನೋಡಿಯೋ ಲೇಖಕರ ಹೆಸರು ನೋಡಿಯೋ ಬೀರುವಿನಲ್ಲಿ ಇಡುವುದುಂಟು. ಆದರೆ ಭಾನುವಾರದ ಪ್ರಸಂಗಕ್ಕೆ, ಅಂದರೆ ಆರಾಧನೆಯ ಉಪದೇಶಕ್ಕೆ, ಓದುವವರು ಹುಡುಕುವುದು ಬೈಬಲಿನ ವಾಕ್ಯಭಾಗವನ್ನು. ಹಾಗಾಗಿ ಮೊದಲು ಬೈಬಲಿನ ಪುಸ್ತಕ, ಆಮೇಲೆ ವ್ಯಾಖ್ಯಾನದ ಬಗೆ, ಕೊನೆಗೆ ಲೇಖಕ. ಈ ಕ್ರಮ ಬಿಡಬೇಡಿ.

ಬೀರು ಪೂರ್ತಿ ಖಾಲಿ ಮಾಡಿ. ಬೈಬಲ್ ನಿಘಂಟು, ಪದಾನುಕ್ರಮಣಿಕೆ, ಪ್ರಸಂಗಗಳ ಸಂಗ್ರಹಗಳನ್ನು ಬೇರೆ ತೆಗೆದಿಡಿ. ವಾಕ್ಯದಿಂದ ವಾಕ್ಯಕ್ಕೆ ಅರ್ಥ ಬಿಡಿಸುತ್ತಾ ಹೋಗುವುದಷ್ಟೇ ವ್ಯಾಖ್ಯಾನ.

ಈಗ ಪ್ರೊಟೆಸ್ಟಂಟ್ ಬೈಬಲಿನ 66 ಪುಸ್ತಕಗಳ ಕ್ರಮದಲ್ಲೇ ಸಂಖ್ಯೆ ಕೊಡಿ. ಆದಿಕಾಂಡಕ್ಕೆ 01, ಕೀರ್ತನೆಗಳಿಗೆ 19, ಮತ್ತಾಯನಿಗೆ 40, ಪ್ರಕಟನೆಗೆ 66. ಅಕಾರಾದಿಯಾಗಿ ಜೋಡಿಸಿದರೆ ‘ಅಪೊಸ್ತಲರ ಕೃತ್ಯಗಳು’ ಆದಿಕಾಂಡಕ್ಕಿಂತ ಮುಂದೆ ಬಂದು ಕೂರುತ್ತದೆ! ಕಥೋಲಿಕ ಬೈಬಲಿನಲ್ಲಿ 73 ಪುಸ್ತಕಗಳಿರುವುದರಿಂದ ಅಲ್ಲಿ ಮತ್ತಾಯನಿಗೆ 47 ಬರುತ್ತದೆ. ಯಾವುದಾದರೂ ಒಂದೇ ಎಣಿಕೆ ಹಿಡಿಯಿರಿ.

ಇಡೀ ಬೈಬಲಿಗೆ ಒಬ್ಬರೇ ಬರೆದ ಸಂಪುಟಗಳನ್ನು ಒಡೆಯಬೇಡಿ. 00 ಹಾಕಿ ಮೇಲಿನ ಅರೆಯಲ್ಲಿಡಿ. ಆದರೆ ಒಂದೊಂದು ಪುಸ್ತಕಕ್ಕೆ ಒಬ್ಬೊಬ್ಬರು ಬರೆದ ಮಾಲಿಕೆಯನ್ನು ಧೈರ್ಯವಾಗಿ ಬಿಡಿಸಿ, ಆಯಾ ಸಂಖ್ಯೆಗೆ ಸೇರಿಸಿ. ಸಾಲು ನೋಡಲು ಚೆಂದ ಕಾಣದಿರಬಹುದು, ಓದುವವರಿಗೆ ಅದೇ ಅನುಕೂಲ. ಪೇತ್ರ, ಯೂದ ಪತ್ರಿಕೆಗಳು ಒಂದೇ ಸಂಪುಟದಲ್ಲಿದ್ದರೆ ಅದು 60ರಲ್ಲಿರಲಿ. 65ರ ಜಾಗದಲ್ಲಿ ‘60 ನೋಡಿ’ ಎಂದು ಬರೆದ ರಟ್ಟಿನ ತುಂಡು ನಿಲ್ಲಿಸಿ.

ಬಗೆ ಗುರುತಿಸುವುದೇ ಕಷ್ಟದ ಕೆಲಸ. ಮುನ್ನುಡಿಯನ್ನು ನಂಬಿ ಕೂರದೆ ಎಲ್ಲದರಲ್ಲೂ ಒಂದೇ ವಾಕ್ಯಭಾಗ ತೆರೆದು ನೋಡಿ. ಯೋಹಾನ 21:15–17 ಇದಕ್ಕೆ ಒಳ್ಳೆಯ ಒರೆಗಲ್ಲು. ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು ಯೇಸು ಪೇತ್ರನನ್ನು ಮೂರು ಸಲ ಕೇಳುತ್ತಾನೆ. ಗ್ರೀಕಿನಲ್ಲಿ ಮೊದಲೆರಡು ಸಲ ‘ಅಗಪಾವೋ’ ಧಾತು, ಮೂರನೆಯ ಸಲ ‘ಫಿಲೆಯೋ’. ಪೇತ್ರನ ಮೂರೂ ಉತ್ತರಗಳಲ್ಲಿ ‘ಫಿಲೆಯೋ’. ಈ ವ್ಯತ್ಯಾಸಕ್ಕೆ ಅರ್ಥವಿದೆಯೇ ಇಲ್ಲವೇ ಎಂದು ಚರ್ಚಿಸುವ ಗ್ರಂಥ ಮೂಲಭಾಷಾ ವ್ಯಾಖ್ಯಾನ: ‘ಮೂ’. ಭಾಗವನ್ನು ತಲೆಬರಹಗಳಾಗಿ ಒಡೆದು ದೃಷ್ಟಾಂತ ಕೊಟ್ಟರೆ ‘ಪ್ರ’, ಪ್ರಸಂಗಿಗಳಿಗಾಗಿ. ಮೂರನೆಯ ಸಲ ಕೇಳಿದಾಗ ಪೇತ್ರನಿಗಾದ ನೋವಿನಿಂದ ನೇರ ಪ್ರಾರ್ಥನೆಗೆ ಹೋದರೆ ‘ಧ್ಯಾ’, ಧ್ಯಾನಕ್ಕಾಗಿ. ಎರಡು ಬಗೆ ಬೆರೆತಿದ್ದರೆ ಹೆಚ್ಚು ಪುಟ ಯಾವುದಕ್ಕಿದೆಯೋ ಅದನ್ನೇ ಹಾಕಿ.

ಪುಸ್ತಕದ ಬೆನ್ನಿನ ಕೆಳತುದಿಯಿಂದ ಎರಡು ಬೆರಳು ಮೇಲೆ ಚೀಟಿ ಅಂಟಿಸಿ. ಯೋಹಾನನಿಗಾದರೆ: 43, ಮೂ, ಲೇಖಕರ ಹೆಸರಿನ ಮೊದಲಕ್ಷರ. ಮೈಸೂರಿನ ವೆಸ್ಲಿ ಪ್ರೆಸ್ ಎಂಬ ಮಿಷನರಿ ಮುದ್ರಣಾಲಯದ ಕಾಲದ ಹಳೆಯ ಪುಸ್ತಕಗಳಿದ್ದರೆ ಅವಕ್ಕೆ ಅಂಟು, ಸೆಲೋಟೇಪು ಸೋಕಿಸಬೇಡಿ. ಕಾಗದ ಹಳದಿಯಾಗಿ ಕಿತ್ತು ಬರುತ್ತದೆ. ಪುಟಗಳ ನಡುವೆ ಉದ್ದನೆಯ ಚೀಟಿ ಇಟ್ಟರೆ ಸಾಕು.

ಲೇಖಕರ ವಿಷಯದಲ್ಲೂ ಎಚ್ಚರ ಬೇಕು. ಇಂಗ್ಲಿಷ್ ವ್ಯಾಖ್ಯಾನಕಾರ ಮ್ಯಾಥ್ಯೂ ಹೆನ್ರಿ 1714ರಲ್ಲಿ ತೀರಿಕೊಂಡಾಗ ಅವರ ವ್ಯಾಖ್ಯಾನ ಅಪೊಸ್ತಲರ ಕೃತ್ಯಗಳವರೆಗಷ್ಟೇ ಆಗಿತ್ತು. ರೋಮಾಪುರದವರಿಗೆ ಬರೆದ ಪತ್ರಿಕೆಯಿಂದ ಮುಂದಕ್ಕೆ ಬೇರೆ ಬೋಧಕರು ಪೂರೈಸಿದರು. ಕೊನೆಯ ಸಂಪುಟದ ಒಳರಟ್ಟಿನಲ್ಲಿ ಇದನ್ನು ಬರೆದಿಡಿ.

ಕೀರ್ತನೆಗಳ ಸಾಲಿಗೆ ಇನ್ನೊಂದು ಚೀಟಿ ಬೇಕೇ ಬೇಕು. ಲ್ಯಾಟಿನ್ ಬೈಬಲನ್ನು ಅನುಸರಿಸಿದ ಹಳೆಯ ಕಥೋಲಿಕ ವ್ಯಾಖ್ಯಾನಗಳಲ್ಲಿ 9 ಮತ್ತು 10 ಸೇರಿ ಒಂದೇ ಕೀರ್ತನೆ. ಹಾಗಾಗಿ ಮುಂದಿನ ಹೆಚ್ಚಿನವು ಒಂದೊಂದು ಸಂಖ್ಯೆ ಹಿಂದೆ ಸರಿದಿರುತ್ತವೆ. 148ಕ್ಕೆ ಬಂದಾಗ ಎಣಿಕೆ ಮತ್ತೆ ಕೂಡಿಕೊಳ್ಳುತ್ತದೆ. ‘ಯೆಹೋವನು ನನಗೆ ಕುರುಬನು’ ಎಂಬ ಕೀರ್ತನೆ 23ರಲ್ಲಿ ಸಿಗದಿದ್ದರೆ 22 ತೆರೆಯಿರಿ.