ಹಳ್ಳಿ ಕೌಂಟಿಯಲ್ಲಿ ಮನೆ ತಗೊಂಡು ಫ್ಲಡ್ ಇನ್ಶೂರೆನ್ಸ್ ಮಾಡಿಸಿದ್ದು: ನನ್ನ ಅನುಭವ

ಅಮೆರಿಕದ ಸಣ್ಣ ಊರುಗಳಿಗೆ ಆಸ್ಪತ್ರೆ ಕೆಲಸಕ್ಕೆ ಅಂತ ಬರೋ ನಮ್ಮ ಕನ್ನಡದವರು ಈಗ ಜಾಸ್ತಿ ಆಗಿದ್ದಾರೆ, ಅವರಲ್ಲಿ ಮನೆ ತಗೊಳ್ಳೋಕೆ ಹೊರಟಿರೋರು ಫ್ಲಡ್ ಇನ್ಶೂರೆನ್ಸ್ ಬೇಕಾ ಬೇಡ್ವಾ ಅಂತ ನನ್ನ ಕೇಳ್ತಾನೇ ಇರ್ತಾರೆ. ಒಂದೇ ಕಡೆ ಬರೆದಿಟ್ರೆ ಒಳ್ಳೇದು ಅನ್ನಿಸ್ತು. ನಾವಿರೋದು ನಾರ್ತ್ ಕ್ಯಾರೊಲಿನಾದ ರಾಬ್ಸನ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ), ಹೆಂಡ್ತಿ ಫಿಸಿಕಲ್ ಥೆರಪಿಸ್ಟ್, 2024ರ ಕೊನೆಗೆ ಲಂಬರ್ಟನ್ ಹತ್ರ ಮನೆ ತಗೊಂಡ್ವಿ.

ಮೊದಲು ಈ ಜಾಗದ ಬಗ್ಗೆ ಹೇಳ್ಬೇಕು. ಇಲ್ಲಿ ಗುಡ್ಡ ಅನ್ನೋದೇ ಇಲ್ಲ, ನೆಲ ಊಟದ ತಟ್ಟೆ ಥರ ಸಪಾಟು, ಹೊಲ ಬಿಟ್ರೆ ಜೌಗು, ಜೌಗು ಬಿಟ್ರೆ ಹೊಲ, ನಡುವೆ ಲಂಬರ್ ನದಿ ನಿಧಾನಕ್ಕೆ ಹರೀತಾ ಹೋಗುತ್ತೆ. ಬೆಟ್ಟದ ಸೀಮೆ ಥರ ಇಲ್ಲಿ ನೀರು ಭೋರ್ಗರೆದು ಬರಲ್ಲ, ಮಳೆ ನಿಂತು ಬಿಸಿಲು ಬಂದ್ಮೇಲೂ ಏರ್ತಾನೇ ಇರುತ್ತೆ, ಬಂದ್ರೆ ಬೇಗ ಇಳಿಯೋದೂ ಇಲ್ಲ. 2016ರ ಅಕ್ಟೋಬರ್‌ನಲ್ಲಿ ಮ್ಯಾಥ್ಯೂ ಚಂಡಮಾರುತ ಬಂದಾಗ ಐ-95 ಹೈವೇ ಕೆಳಗೆ ರೈಲು ಹಳಿ ಹಾದುಹೋಗೋ ಸಂದಿಯಿಂದ ನೀರು ಒಳಗೆ ನುಗ್ಗಿ ಪಶ್ಚಿಮ ಮತ್ತೆ ದಕ್ಷಿಣ ಲಂಬರ್ಟನ್ ಮುಳುಗ್ತು. ಏರಿ ಇದೆ, ನಮಗೇನೂ ಆಗಲ್ಲ ಅಂತಿದ್ದವರ ಮನೆಗಳೇ ಹೋದ್ವು. ಎರಡೇ ವರ್ಷಕ್ಕೆ, 2018ರ ಸೆಪ್ಟೆಂಬರ್‌ನಲ್ಲಿ, ಫ್ಲಾರೆನ್ಸ್ ಬಂತು, ಜನ ಸೇರಿ ಅದೇ ಸಂದಿಗೆ ಮರಳಿನ ಚೀಲ ಪೇರಿಸಿದ್ರು, ಆದ್ರೂ ನೀರು ಬಂತು.

ಇಷ್ಟೆಲ್ಲ ಆಗಿರೋ ಊರಲ್ಲಿ ನಾವು ನೋಡಿದ ಮನೆಗೆ ಬ್ಯಾಂಕ್‌ನವರು ಹೇಳಿದ್ದು ಏನಂದ್ರೆ, ಇದು ಎಕ್ಸ್ ಝೋನ್ (ಮ್ಯಾಪಲ್ಲಿ ನೆರೆ ಅಪಾಯ ಕಡಿಮೆ ಅಂತ ಗುರುತಿಸಿರೋ ಜಾಗ), ಫ್ಲಡ್ ಇನ್ಶೂರೆನ್ಸ್ ಕಡ್ಡಾಯ ಅಲ್ಲ ಅಂತ. ಅವರು ಹೇಳಿದ್ದು ಸುಳ್ಳಲ್ಲ. ಫೆಮಾ (ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣೆ ಸಂಸ್ಥೆ) ಮ್ಯಾಪಲ್ಲಿ ಎ, ಎಇ ಅಥವಾ ಸಮುದ್ರ ತೀರದ ವಿ ಥರದ ಝೋನ್ ಅಂತ ಇದ್ರೆ ಮಾತ್ರ ಕಾನೂನು ಪ್ರಕಾರ ಸಾಲ ಕೊಡೋರು ಕೇಳ್ಲೇಬೇಕು, ಅಂದ್ರೆ ಪ್ರತಿ ವರ್ಷ ನೂರಕ್ಕೆ ಒಂದರಷ್ಟು ನೆರೆ ಸಾಧ್ಯತೆ ಇರೋ ಜಾಗ. ಒಂದು ಪರ್ಸೆಂಟ್ ತಾನೇ ಅನ್ನಿಸುತ್ತೆ, ಆದ್ರೆ 30 ವರ್ಷದ ಸಾಲದ ಅವಧಿ ಪೂರ್ತಿ ಲೆಕ್ಕ ಹಾಕಿದ್ರೆ 26 ಪರ್ಸೆಂಟ್ ಆಗುತ್ತೆ. ಗೆರೆಯಿಂದ ಆಚೆ ಇರೋ ಎಕ್ಸ್ ಝೋನ್‌ಗೆ ಕಡಿಮೆ ಇರಬಹುದು, ಸೊನ್ನೆ ಅಂತೂ ಅಲ್ಲ, ನೀರಿಗೆ ಆ ಗೆರೆ ಕಾಣಲ್ಲ.

ನನ್ನ ಮಾವ ಹೊಳೆಆಲೂರು ಕಡೆಯವರು, ಮಲಪ್ರಭಾ ನೆರೆ 2009ರಲ್ಲೂ ಕಂಡಿದ್ದಾರೆ 2019ರಲ್ಲೂ ಕಂಡಿದ್ದಾರೆ. ಫೋನಲ್ಲಿ ವಿಷಯ ಹೇಳಿದ್ರೆ, "ನೀರ ಎಲ್ಲೀಮಟಾ ಬಂದಿತ್ತಂತ ಮೊದ್ಲ ಆಜೂಬಾಜೂ ಹಳೇ ಮಂದೀನ ಕೇಳ್ರಿ, ನಕಾಶೆ ಆಮ್ಯಾಲ ನೋಡಾಕ ಬರತೈತಿ" ಅಂದ್ರು. ಹಾಗೇ ಮಾಡ್ದೆ. ಪಕ್ಕದ ಮನೆ ಅಜ್ಜ ತನ್ನ ಶೆಡ್ಡಿನ ಗೋಡೆ ಮೇಲೆ ಫ್ಲಾರೆನ್ಸ್ ನೀರು ಬಿಟ್ಟುಹೋದ ಗೆರೆ ತೋರಿಸಿದ್ರು, ನಮ್ಮ ಮನೆ ಅಂಗಳಕ್ಕೂ ಬಂದಿತ್ತು ಒಳಗೆ ಹೋಗಿರ್ಲಿಲ್ಲ, ಹಿಂದಿನ ಬೀದಿಯಲ್ಲಿ ಮಾತ್ರ ಮನೆಗಳೊಳಗೇ ನಿಂತಿತ್ತಂತೆ. ಈ ಒಂದು ಮಾತು ನನಗೆ ಯಾವ ರಿಪೋರ್ಟಲ್ಲೂ ಸಿಗ್ತಿರ್ಲಿಲ್ಲ.

ಆಮೇಲೆ ಮ್ಯಾಪ್. ನಾರ್ತ್ ಕ್ಯಾರೊಲಿನಾ ಸರ್ಕಾರದ್ದೇ ಫ್ರಿಸ್ ಅಂತ ಒಂದು ವೆಬ್‌ಸೈಟ್ ಇದೆ, 1999ರಲ್ಲಿ ಫ್ಲಾಯ್ಡ್ ಚಂಡಮಾರುತ ಇಡೀ ಪೂರ್ವ ಭಾಗವನ್ನ ಮುಳುಗಿಸಿದ್ಮೇಲೆ ಈ ರಾಜ್ಯ ನೆರೆ ಮ್ಯಾಪ್ ಮಾಡೋ ಕೆಲಸ ತಾನೇ ಕೈಗೆ ತಗೊಳ್ತು. ವಿಳಾಸ ಹಾಕಿದ್ರೆ ಮನೆ ಸುತ್ತಲಿನ ನೆಲದ ಎತ್ತರ, ನೆರೆ ಬಂದ್ರೆ ನೀರು ಎಲ್ಲಿವರೆಗೆ ಅನ್ನೋ ಅಂದಾಜು ಸಿಗುತ್ತೆ, ನೀವು ಈ ರಾಜ್ಯದಲ್ಲಿದ್ರೆ ಮನೆ ನೋಡೋಕೆ ಹೋಗೋ ಮುಂಚೆನೇ ನೋಡಿ. ಬೇರೆ ರಾಜ್ಯದ ಹಳ್ಳಿ ಕೌಂಟಿಗಳಲ್ಲಿ ಎಷ್ಟೋ ಕಡೆ ಬರೀ ಎ ಅಂತ ಇರುತ್ತೆ, ನೀರು ಎಷ್ಟು ಎತ್ತರಕ್ಕೆ ಬರುತ್ತೆ ಅನ್ನೋ ಅಳತೆನೇ ಮಾಡಿರಲ್ಲ, ಅಂಥ ಕಡೆ ಕೌಂಟಿಯ ಫ್ಲಡ್‌ಪ್ಲೇನ್ ಅಡ್ಮಿನಿಸ್ಟ್ರೇಟರನ್ನ (ನೆರೆ ಬರೋ ಜಾಗಗಳ ನಿಯಮ ನೋಡ್ಕೊಳ್ಳೋ ಅಧಿಕಾರಿ) ಹುಡುಕಿ ಮಾತಾಡಿ. ಸಣ್ಣ ಕೌಂಟಿಲಿ ಕಟ್ಟಡ ಪರ್ಮಿಟ್ ಕೊಡೋರೇ ಈ ಕೆಲಸಾನೂ ನೋಡ್ಕೊತಿರ್ತಾರೆ, ತಾಳ್ಮೆಯಿಂದ ಹೇಳ್ತಾರೆ, ದುಡ್ಡೂ ಇಲ್ಲ. ಮಾರೋರ ಹತ್ರ ಒಂದು ಕೆಲಸ ಮಾಡಿಸ್ಕೊಳ್ಳಿ, ಆ ಮನೆಗೆ ಹಿಂದೆ ನೆರೆ ಕ್ಲೇಮ್ ಆಗಿದ್ಯಾ ಅಂತ ಈಗಿನ ಮಾಲೀಕರು ಫೆಮಾದಿಂದ ಕೇಳಿ ತರಿಸಬಹುದು, ನೀವು ಕೊಳ್ಳೋರಾಗಿ ನೇರವಾಗಿ ಕೇಳಿದ್ರೆ ಕೊಡಲ್ಲ.

ಇದೆಲ್ಲ ನೋಡಿ ಬ್ಯಾಂಕ್ ಕೇಳದಿದ್ರೂ ಪಾಲಿಸಿ ತಗೊಳ್ಳೋದೇ ಅಂತ ತೀರ್ಮಾನ ಮಾಡಿದ್ವಿ. ನಾವು ತಗೊಂಡಿದ್ದು ಎನ್‌ಎಫ್‌ಐಪಿ, 1968ರ ಕಾನೂನಿಂದ ಬಂದಿರೋ ಸರ್ಕಾರಿ ಸ್ಕೀಮು. ಮಾರೋದು ಪ್ರೈವೇಟ್ ಕಂಪನಿಗಳೇ ಆದ್ರೂ ರೇಟು ಎಲ್ಲಾ ಕಡೆ ಒಂದೇ, ಹಾಗಾಗಿ ಕಂಪನಿ ಕಂಪನಿ ಅಲೆದು ಚೌಕಾಸಿ ಮಾಡಿ ಉಪಯೋಗ ಇಲ್ಲ. ಮಾಮೂಲಿ ಹೋಮ್ ಇನ್ಶೂರೆನ್ಸಲ್ಲಿ ನೆರೆ ಸೇರಿರಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮೆ.

ಟೈಮಿಂಗ್ ತುಂಬಾ ಮುಖ್ಯ. ಪಾಲಿಸಿ ತಗೊಂಡ್ರೆ ಜಾರಿಗೆ ಬರೋಕೆ 30 ದಿನ ಬೇಕು, ಟಿವಿಯಲ್ಲಿ ಚಂಡಮಾರುತದ ಸುದ್ದಿ ಬಂದ್ಮೇಲೆ ಓಡಿದ್ರೆ ಆಗಲ್ಲ. ಆದ್ರೆ ಮನೆ ಸಾಲದ ಕ್ಲೋಸಿಂಗ್ (ಕೊನೇ ಸಹಿ ಹಾಕಿ ಮನೆ ಕೈಗೆ ಬರೋ ದಿನ) ಜೊತೆಗೇ ಅರ್ಜಿ ಹಾಕಿ ದುಡ್ಡು ಕಟ್ಟಿದ್ರೆ ಕಾಯೋದಿಲ್ಲ, ಅವತ್ತಿಂದಲೇ ಕವರ್. ನಾವು ಹಾಗೇ ಮಾಡಿದ್ವಿ. ಮಾರೋರ ಹತ್ರ ಈಗಾಗ್ಲೇ ಪಾಲಿಸಿ ಇದ್ರೆ ಅದನ್ನೇ ನಿಮ್ಮ ಹೆಸರಿಗೆ ಮಾಡಿಸ್ಕೊಳ್ಳೋಕೂ ಬರುತ್ತೆ, ಅವರಿಗೆ ರಿಯಾಯಿತಿ ರೇಟು ಇದ್ರೆ ಅದೂ ನಿಮಗೆ ಬರುತ್ತೆ, ಕೇಳೋದು ಮರೀಬೇಡಿ.

2021ರ ಅಕ್ಟೋಬರ್‌ನಿಂದ ಪ್ರೀಮಿಯಂ ಲೆಕ್ಕ ಬದಲಾಗಿದೆ, ಝೋನ್ ನೋಡಿ ರೇಟ್ ಹಾಕಲ್ಲ, ನೀರಿಂದ ಎಷ್ಟು ದೂರ, ನೆಲ ಎಷ್ಟು ಎತ್ತರ, ಮನೆ ಮತ್ತೆ ಕಟ್ಟೋಕೆ ಎಷ್ಟಾಗುತ್ತೆ ಅಂತ ನೋಡ್ತಾರೆ. ನಮಗೆ ಕಂಪನಿ ಕೊಟ್ಟ ಮೊದಲ ಕೋಟ್‌ನಲ್ಲಿ (ಪ್ರೀಮಿಯಂ ಅಂದಾಜಲ್ಲಿ) ಮನೆ ಒಳಗಿನ ನೆಲದ ಎತ್ತರ ನಿಜಕ್ಕಿಂತ ಕಡಿಮೆ ಹಿಡಿದಿದ್ರು, ಸರ್ವೇಯರ್ ಕರೆಸಿ ಎಲಿವೇಶನ್ ಸರ್ಟಿಫಿಕೇಟ್ ಮಾಡಿಸಿ ಕೊಟ್ಟ ಮೇಲೆ ಪ್ರೀಮಿಯಂ ಇಳೀತು. ಈಗ ಆ ಸರ್ಟಿಫಿಕೇಟ್ ಕಡ್ಡಾಯ ಅಲ್ಲ, ಕೊಟ್ಟು ಅದರಿಂದ ರೇಟು ಕಡಿಮೆಯಾದ್ರೆ ಮಾತ್ರ ಅದನ್ನ ಹಿಡೀತಾರೆ, ನಿಮಗೆ ನಷ್ಟ ಅಂದ್ರೆ ಸರ್ವೇಯರ್ ಫೀಸು ಅಷ್ಟೇ. ಈ ಕಡೆ ಮನೆಗಳ ಕೆಳಗೆ ಬಗ್ಗಿಕೊಂಡು ಹೋಗೋಷ್ಟು ಕ್ರಾಲ್‌ಸ್ಪೇಸ್ ಇರುತ್ತೆ, ಅದರ ಗೋಡೆಗೆ ನೀರು ಒಳಗೆ ಬಂದು ಹೊರಗೆ ಹೋಗೋ ಕಿಂಡಿ ಇಡಿಸಿದ್ವಿ, ಒಳಗಿನ ಪ್ರತಿ ಚದರ ಅಡಿ ಜಾಗಕ್ಕೆ ಒಂದು ಚದರ ಇಂಚು ಕಿಂಡಿ ಅನ್ನೋದು ನಿಯಮ, ಕಿಂಡಿಯ ಕೆಳಗಿನ ಅಂಚು ನೆಲದಿಂದ ಒಂದಡಿ ಒಳಗೇ ಇರ್ಬೇಕು. ಕಿಂಡಿ ಇಲ್ದಿದ್ರೆ ಹೊರಗಿನ ನೀರಿನ ಭಾರಕ್ಕೆ ಗೋಡೆನೇ ಒಳಗೆ ಕುಸಿಯಬಹುದು. ಎಸಿ ಯೂನಿಟ್ಟನ್ನ ಒಳಗಿನ ನೆಲದ ಮಟ್ಟಕ್ಕೆ ಕಟ್ಟೆ ಕಟ್ಟಿ ಏರಿಸಿದ್ವಿ, ಅಜ್ಜ ಹೇಳಿದ ಪ್ರಕಾರ ಫ್ಲಾರೆನ್ಸಲ್ಲಿ ಒಳಗೆ ನೀರು ಹೋಗದ ಮನೆಗಳಲ್ಲೂ ಕೆಟ್ಟಿದ್ದು ಇದೇ.

ಏನು ಸಿಗುತ್ತೆ ಏನು ಸಿಗಲ್ಲ ಅಂತ ಕೂತು ಓದಿ. ಮನೆಗೆ ಹೆಚ್ಚೆಂದ್ರೆ 2,50,000 ಡಾಲರ್, ಸಾಮಾನಿಗೆ 1,00,000, ಆದ್ರೆ ಸಾಮಾನಿನ ಕವರ್ ಬೇರೆಯಾಗಿ ಕೇಳಿ ತಗೋಬೇಕು, ಎಷ್ಟೋ ಜನ ಬರೀ ಕಟ್ಟಡಕ್ಕೆ ತಗೊಂಡು ಸೋಫಾ ಫ್ರಿಡ್ಜು ಎಲ್ಲಾ ಸೇರಿದೆ ಅಂದ್ಕೊಂಡಿರ್ತಾರೆ. ಸಾಮಾನಿಗೆ ಸವಕಳಿ ಕಳೆದು ಕೊಡ್ತಾರೆ, ಹೊಸದರ ಬೆಲೆ ಸಿಗಲ್ಲ. ರಿಪೇರಿ ಆಗೋವರೆಗೆ ಹೋಟೆಲಲ್ಲಿದ್ದ ಖರ್ಚು ಸಿಗಲ್ಲ, ಕಾರಿಗೆ ಕಾರಿನ ಇನ್ಶೂರೆನ್ಸೇ ಬೇಕು. ನಮ್ಮೋರಿಗೆ ಮುಖ್ಯವಾದದ್ದು, ಬಂಗಾರ. ಒಡವೆ, ಕಲಾಕೃತಿ ಇಂಥವೆಲ್ಲ ಸೇರಿ 2,500 ಡಾಲರ್ ಮಾತ್ರ, ಮದುವೆ ಒಡವೆ ಮನೇಲಿಟ್ಟಿದ್ರೆ ಅದಕ್ಕೆ ಬೇರೆ ಪಾಲಿಸಿ ಮಾಡಿಸಿ ಅಥವಾ ಬ್ಯಾಂಕ್ ಲಾಕರಲ್ಲಿಡಿ, ನಗದಿಗಂತೂ ಏನೂ ಕೊಡಲ್ಲ.

ಕ್ಲೇಮ್ ಮಾಡೋ ಸಂದರ್ಭ ನಮಗೆ ಬಂದಿಲ್ಲ, ಹಿಂದಿನ ಬೀದಿಯ ಒಬ್ಬರು ಹೇಳಿದ್ದನ್ನೇ ಬರೀತೀನಿ. ಅವರಿಗೆ ಮ್ಯಾಥ್ಯೂ ಟೈಮಲ್ಲಿ ಇನ್ಶೂರೆನ್ಸ್ ಇರ್ಲಿಲ್ಲ, ಸರ್ಕಾರದ ನೆರವು ಬಂತು, ಆದ್ರೆ ಮನೆ ಪೂರ್ತಿ ಸರಿ ಮಾಡೋಕೆ ಸಾಕಾಗ್ಲಿಲ್ಲ. ಫ್ಲಾರೆನ್ಸ್ ಬರೋ ಹೊತ್ತಿಗೆ ಪಾಲಿಸಿ ಇತ್ತು. ಒದ್ದೆಯಾದದ್ದನ್ನ ಎಸೆಯೋ ಮುಂಚೆ ಪ್ರತಿಯೊಂದರ ಫೋಟೋ ತೆಗೆದು, ಕಾರ್ಪೆಟ್ಟಿನ ಒಂದೊಂದು ತುಂಡು ಇಟ್ಟುಕೊಂಡು, ನಷ್ಟದ ಲೆಕ್ಕಕ್ಕೆ ಸಹಿ ಮಾಡಿ 60 ದಿನದೊಳಗೆ ಕಳಿಸಿದ್ರಂತೆ. ನಾನು ಈಗಲೇ ಮನೆಯ ಪ್ರತಿ ಕೋಣೆ ವಿಡಿಯೋ ಮಾಡಿ, ಮೆಷಿನ್‌ಗಳ ಸೀರಿಯಲ್ ನಂಬರ್ ಸಮೇತ ಕ್ಲೌಡಲ್ಲಿ ಇಟ್ಟಿದ್ದೀನಿ. ಎ ಝೋನಲ್ಲಿ ಹಳೇ ಮನೆ ತಗೊಳ್ಳೋರು ಇನ್ನೊಂದು ಗಮನಿಸಿ, ರಿಪೇರಿ ಖರ್ಚು ಮನೆ ಬೆಲೆಯ ಅರ್ಧ ದಾಟಿದ್ರೆ ಈಗಿನ ನಿಯಮದ ಎತ್ತರಕ್ಕೆ ಏರಿಸಿನೇ ಕಟ್ಬೇಕು, ಅದಕ್ಕೆ ಪಾಲಿಸಿಯಿಂದ 30,000 ಡಾಲರ್‌ವರೆಗೆ ಸಹಾಯ ಸಿಗುತ್ತೆ.

ಬಾಡಿಗೆಯಲ್ಲಿರೋರಿಗೂ ಬರೀ ಸಾಮಾನಿಗೆ ಪಾಲಿಸಿ ಸಿಗುತ್ತೆ. ರಿನ್ಯೂವಲ್ ಮಾತ್ರ ತಪ್ಪಿಸಬೇಡಿ, ಅವಧಿ ಮುಗಿದು 30 ದಿನದೊಳಗೆ ದುಡ್ಡು ತಲುಪಿದ್ರೆ ಗ್ಯಾಪ್ ಆಗಲ್ಲ. 2025ರ ಅಕ್ಟೋಬರ್‌ನಲ್ಲಿ ಬಜೆಟ್ ಪಾಸಾಗದೆ ಸರ್ಕಾರ ಶಟ್‌ಡೌನ್ ಆದಾಗ ಎನ್‌ಎಫ್‌ಐಪಿ ಹೊಸ ಪಾಲಿಸಿ, ರಿನ್ಯೂವಲ್ ಎರಡೂ ನವೆಂಬರ್ 12ರವರೆಗೆ ನಿಂತಿದ್ವು, ಅಂಥ ಹೊತ್ತಲ್ಲಿ ಕ್ಲೋಸಿಂಗ್ ಬಂದ್ರೆ ಮಾರೋರ ಪಾಲಿಸಿ ವರ್ಗಾಯಿಸ್ಕೊಳ್ಳೋ ದಾರಿ ಒಂದಿದೆ, ಇಲ್ಲಾಂದ್ರೆ ಪ್ರೈವೇಟ್ ಫ್ಲಡ್ ಪಾಲಿಸಿ ಕೋಟ್ ಒಂದು ಮುಂಚೆನೇ ತಗೊಂಡು ಇಟ್ಕೊಳ್ಳಿ.