ಹಳಿ ಹೋಯಿತು, ಕಂಪನಿ ಉಳಿಯಿತು: ಮುಚ್ಚುವುದು ಹೇಗೆ?

ಮುಂಬಯಿಯ ಮಾಟುಂಗದಲ್ಲಿ ನಮ್ಮವರೊಬ್ಬರ ಮನೆಯ ಅಟ್ಟದಿಂದ ಟ್ರಂಕು ಇಳಿಸಿದಾಗ ಅಜ್ಜನ ಷೇರುಪತ್ರಗಳು ಸಿಕ್ಕವು. ಅಂಚನ್ನು ಗೆದ್ದಲು ತಿಂದಿತ್ತು, ಕಂಪನಿಯ ಸೀಲು ಮಾತ್ರ ಸ್ಪಷ್ಟವಾಗಿತ್ತು. ಪುಟ್ಟ ರೈಲು ಕಂಪನಿ ಅದು. ಹಳಿಯನ್ನು ಸರಕಾರ ಕೊಂಡು ದಶಕಗಳಾಗಿದ್ದವು. ಮನೆಯವರು ಅವಸರದಲ್ಲಿ ಸರಕಾರದ ಕಂಪನಿ ನೋಂದಣಿ ಪಟ್ಟಿಯಿಂದ ಅದರ ಹೆಸರು ತೆಗೆಸಿಬಿಟ್ಟರು. ಹಳೆಯ ಸ್ಟೇಷನ್ ಪಕ್ಕದ ಜಾಗ ಇನ್ನೂ ಕಂಪನಿ ಹೆಸರಲ್ಲೇ ಇದೆ ಅಂತ ಗೊತ್ತಾದದ್ದು ಆಮೇಲೆ. ಅವರ ಪಾಡು ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಕಂಪನಿ ಎಲ್ಲಿ ನೋಂದಣಿಯಾಗಿದೆ ನೋಡಿ. ಬಾರ್ಸಿ ಲೈಟ್ ರೈಲ್ವೆ ಓಡಿದ್ದು ಸೋಲಾಪುರದ ಕಡೆ, ನೋಂದಣಿಯಾದದ್ದು ಲಂಡನ್ನಿನಲ್ಲಿ. ಅಂಥದ್ದಾದರೆ ಮುಚ್ಚುವುದೂ ಅಲ್ಲಿನ ಕಾನೂನಿನಂತೆ.

ಇಲ್ಲಿಯದಾದರೆ ಆಸ್ತಿ ಹುಡುಕಿ. ಎಲ್ಲರೂ ಎಡವುವುದು ಇಲ್ಲೇ. ಹಳ್ಳಿ ಜಾಗಕ್ಕೆ ಸಾತ್‌ಬಾರಾ (ಮಹಾರಾಷ್ಟ್ರದ ಪಹಣಿ), ಪೇಟೆಯದಕ್ಕೆ ಪ್ರಾಪರ್ಟಿ ಕಾರ್ಡ್ ತೆಗೆಸಿ. ಕಂಪನಿಯ ಹೆಸರು ಹುಡುಕಿ, ಸಿಗಲಿಲ್ಲ ಅಂತ ಸುಮ್ನೆ ಕೂರಬೇಡಿ. ನಾನು ನೋಡಿದ ಒಂದು ಉತಾರೆಯಲ್ಲಿ ಮಾಲೀಕರ ಹೆಸರಿನ ಜಾಗದಲ್ಲಿ ‘ಆಗಗಾಡಿ ಕಂಪನಿ’ (ಮರಾಠಿಯಲ್ಲಿ ಆಗಗಾಡಿ ಅಂದರೆ ರೈಲು) ಅಂತಷ್ಟೇ ಇತ್ತು. ಹಳಿ ಹಾದುಹೋದ ಊರುಗಳ ಪಟ್ಟಿ ಮಾಡಿ, ಸರ್ವೆ ನಂಬರ್ ಹಿಡಿದು ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಗೆ ನೀವೇ ಹೋಗಿ. ಡಿಜಿಟಲ್ ಸಹಿಯ ಸಾತ್‌ಬಾರಾ ಸರಕಾರಿ ತಾಣದಲ್ಲಿ 15 ರೂಪಾಯಿಗೆ ಸಿಗುತ್ತದೆ. ಅದಕ್ಕೆ ನೂರಾರು ರೂಪಾಯಿ ಕೇಳುವ ಆ್ಯಪ್‌ಗಳು ಬೇಡವೇ ಬೇಡ. ರೈಲಿಗೆಂದೇ ಸರಕಾರ ಕೊಡಿಸಿದ ಜಾಗಕ್ಕೆ ಷರತ್ತುಗಳಿರಬಹುದು, ಆದೇಶವನ್ನು ವಕೀಲರಿಗೆ ತೋರಿಸಿ. ಬ್ಯಾಂಕಿನಲ್ಲಿ 10 ವರ್ಷ ಮುಟ್ಟದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ. ಅದು ಮುಳುಗಿಲ್ಲ, ಬ್ಯಾಂಕಿನ ಮೂಲಕವೇ ಕೇಳಿ ಪಡೆಯಬಹುದು.

ಆಸ್ತಿ, ಸಾಲ ಎರಡೂ ಇಲ್ಲ ಅಂತ ಖಚಿತವಾದರೆ ಕಂಪನಿಯ ಹೆಸರು ತೆಗೆಸುವ ಎಸ್‌ಟಿಕೆ-2 ಅರ್ಜಿ ಸಾಕು, ಶುಲ್ಕ 10,000 ರೂಪಾಯಿ. ಆದರೆ ಒಂದು ಗುಂಟೆ ಜಾಗ ಇದ್ದರೂ ಈ ದಾರಿ ಹಿಡಿಯಬೇಡಿ. ‘ಬೇಗ ಮುಚ್ಚಿಸಿಕೊಡ್ತೀವಿ’ ಅನ್ನುವ ಪ್ಯಾಕೇಜುಗಳು ಮಾರುವುದು ಇದನ್ನೇ. ಹೆಸರು ಹೋದ ಮೇಲೆ ಜಾಗ ಮಾರಲು ಕಂಪನಿಯ ಪರವಾಗಿ ಸಹಿ ಹಾಕುವವರೇ ಇರುವುದಿಲ್ಲ. ಹೆಸರು ವಾಪಸ್ ಬರಿಸಲು ಷೇರುದಾರರು 20 ವರ್ಷದೊಳಗೆ ಕಂಪನಿ ನ್ಯಾಯಮಂಡಳಿಗೆ ಹೋಗಬಹುದು. ಮಾಟುಂಗದವರು ಈಗ ಅದೇ ಅಲೆದಾಟದಲ್ಲಿದ್ದಾರೆ.

ಆಸ್ತಿ ಇದ್ದು, ಸಾಲವೆಲ್ಲ ತೀರಿಸುವ ಶಕ್ತಿ ಇದ್ದರೆ ದಿವಾಳಿ ಸಂಹಿತೆಯ 59ನೇ ಕಲಂ, ಅಂದರೆ ಕಂಪನಿಯನ್ನು ತಾವಾಗಿಯೇ ವಿಸರ್ಜಿಸುವುದು, ಸರಿಯಾದ ದಾರಿ. ಬಹುಪಾಲು ನಿರ್ದೇಶಕರು ಹಾಗೆಂದು ಅಫಿಡವಿಟ್ ಕೊಡಬೇಕು. ನಿರ್ದೇಶಕರೆಲ್ಲ ತೀರಿಹೋಗಿದ್ದಾರಾ? ಮಗ, ಮೊಮ್ಮಗ ಅಂತ ನೀವೇ ಸಹಿ ಹಾಕಬೇಡಿ. ಮೊದಲು ಷೇರು ನಿಮ್ಮ ಹೆಸರಿಗೆ ಬರಲಿ, ಆಮೇಲೆ ಸಭೆ ಕರೆದು ನಿರ್ದೇಶಕರನ್ನು ನೇಮಿಸಿ. ಸಭೆ ಕರೆಯುವವರೇ ಇಲ್ಲದಿದ್ದರೆ ನ್ಯಾಯಮಂಡಳಿಯನ್ನೇ ಕೇಳಿಕೊಳ್ಳಿ.

ಅಫಿಡವಿಟ್ ಆದ 4 ವಾರದೊಳಗೆ ಷೇರುದಾರರ ವಿಶೇಷ ಠರಾವು ಆಗಬೇಕು. ಸಾಲ ಇದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಪೇಪರಿನಲ್ಲಿ ಪ್ರಕಟಣೆ, ಆಸ್ತಿ ಮಾರಾಟ, ಹಣ ಹಂಚಿಕೆ ಎಲ್ಲ ಲಿಕ್ವಿಡೇಟರ್ (ಮುಚ್ಚುವ ಕೆಲಸಕ್ಕೆ ನೇಮಿಸಿದವರು) ನೋಡಿಕೊಳ್ಳುತ್ತಾರೆ. ಕಡಿಮೆ ಫೀ ನೋಡಿ ಆರಿಸಬೇಡಿ. ಹಳೆಯ ಜಮೀನು ಮಾರಿ ಅನುಭವ ಇದ್ದವರೇ ಆಗಬೇಕು.

ಕಂಪನಿ ವಿಸರ್ಜನೆಗೆ ನ್ಯಾಯಮಂಡಳಿಗೆ ಹೋಗುವ ಮುನ್ನ ಸಾತ್‌ಬಾರಾ ಇನ್ನೊಮ್ಮೆ ತೆಗೆಸಿ. ಫೇರ್‌ಫಾರ್ (ಖಾತೆ ಬದಲಾವಣೆ) ಆಗಿ ಜಾಗ ಕೊಂಡವರ ಹೆಸರು ಏರಿರಬೇಕು. ಏರಿರದಿದ್ದರೆ ಅರ್ಜಿ ತಡವಾದರೂ ಪರವಾಗಿಲ್ಲ, ತಲಾಠಿ ಕಚೇರಿಗೆ ಮತ್ತೆ ಹೋಗಿ ಬನ್ನಿ.